ಬೇರು ಉಳಿಸುವ ವಿದ್ಯೆ

ಕೆಟ್ಟುಹೋದ ಹಲ್ಲಿಗೆ ನಾವು ಕನ್ನಡದಲ್ಲಿ 'ಹುಳುಕು ಹಲ್ಲು' ಎನ್ನುತ್ತೇವೆ. ಹುಳು ಹಿಡಿದ ಹಲ್ಲು ಎಂದು ಅದರ ಅರ್ಥ. ಈ ಮಾತು ನಮ್ಮೊಬ್ಬರದೇ ಅಲ್ಲ. ಸುಶ್ರುತನ ಗ್ರಂಥದಲ್ಲಿ ಇದೇ ರೋಗಕ್ಕೆ 'ಕೃಮಿದಂತ' ಎಂಬ ಹೆಸರಿದೆ. ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಲ್ಲಿ ಹಲ್ಲಿನ ಹುಳುವನ್ನು ಓಡಿಸುವ ಮಂತ್ರವಿದೆ. ಒಸಡಿನೊಳಗೆ ಹುಳು ಕೂತು ಕೊರೆಯುತ್ತದೆ, ಅದಕ್ಕೇ ನೋವು ಎಂದು ಲೋಕವೆಲ್ಲ ಸಾವಿರಾರು ವರ್ಷ ನಂಬಿತ್ತು.

ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿಸುವ ಕ್ರಮ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಯುರೋಪಿನ ಹಳ್ಳಿಗಳಲ್ಲೂ ಬೇರೊಂದು ಗಿಡದ ಬೀಜದಿಂದ ಇದೇ ಉಪಚಾರ ನಡೆಯುತ್ತಿತ್ತು. ಕಾದ ಬೀಜ ಸಿಡಿದು ಒಳಗಿನ ಮೊಳಕೆ ಹೊರಬಿದ್ದರೆ, 'ನೋಡಿ, ಹುಳು ಬಿತ್ತು' ಎಂದು ತೋರಿಸುತ್ತಿದ್ದರು. ಹೊಗೆ ಕುಡಿದವನಿಗೆ ಸ್ವಲ್ಪ ಹೊತ್ತು ಮಂಪರು ಬಂದು ನೋವು ತಗ್ಗಿದಂತಾಗುತ್ತಿತ್ತು. ಹುಳು ಮಾತ್ರ ಇರಲೇ ಇಲ್ಲ. ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯರು 1728ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿ, ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ತಮಗೆ ಹುಳು ಕಾಣಲಿಲ್ಲ ಎಂದು ಬರೆದರು. ನೋಯುವ ಹಲ್ಲನ್ನು ಕೊರೆದು ಒಳಗಿನ ಕೀವಿಗೆ ದಾರಿ ಮಾಡಿಕೊಟ್ಟು, ಲವಂಗ ಅಥವಾ ದಾಲ್ಚಿನ್ನಿಯ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಡಬೇಕು ಎಂಬುದು ಅವರ ಸಲಹೆ. ನಮ್ಮ ಅಜ್ಜಿಯಂದಿರೂ ಹಲ್ಲುನೋವಿಗೆ ಲವಂಗವನ್ನೇ ಇಡುತ್ತಿದ್ದರಲ್ಲವೇ?

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತನಾದವನು, ವೈದ್ಯನಲ್ಲ. ಆದರೂ ಹಲ್ಲನ್ನು ಕೀಳದೆ ಬೇರು ಉಳಿಸುವ ಈ ವಿದ್ಯೆ ಹೇಗೆ ಬೆಳೆಯಿತು, ಅದನ್ನು ಕಲಿಸುವ ಶಾಲೆಗಳು ಎಲ್ಲಿ ಹುಟ್ಟಿದವು ಎಂಬುದನ್ನು ಆಸಕ್ತಿಯಿಂದ ಓದಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಈ ವಿದ್ಯೆಗೆ ಎಂಡೋಡಾಂಟಿಕ್ಸ್ ಎನ್ನುತ್ತಾರೆ. ಗ್ರೀಕಿನಲ್ಲಿ 'ಎಂಡೋ' ಎಂದರೆ ಒಳಗೆ, 'ಒಡಾಂಟ್' ಎಂದರೆ ಹಲ್ಲು. ಜನರ ಬಾಯಲ್ಲಿ ಇದು 'ರೂಟ್ ಕೆನಾಲ್'.

ಹಲ್ಲು ಹೊರಗಿನಿಂದ ಕಲ್ಲಿನ ಹಾಗೆ ಕಂಡರೂ ಅದರ ಹೊಟ್ಟೆಯಲ್ಲಿ ತಿರುಳಿದೆ. ಆ ತಿರುಳಿನಲ್ಲಿ ರಕ್ತನಾಳವೂ ನರವೂ ಇವೆ. ಬೇರಿನ ತುದಿಯ ಸಣ್ಣ ತೂತಿನಿಂದ ಅವು ಒಳಬರುತ್ತವೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳ, ದವಡೆ ಹಲ್ಲಿಗೆ ಮೂರೋ ನಾಲ್ಕೋ. ತಿರುಳು ಕೊಳೆತರೆ ಅದನ್ನು ತೆಗೆದು, ನಾಳವನ್ನು ತುದಿಯವರೆಗೆ ಸವರಿ ತೊಳೆದು, ಮತ್ತೆ ಏನೂ ನುಸುಳದಂತೆ ತುಂಬಿಸಬೇಕು. ಹೇಳುವುದು ಸುಲಭ. ಕೂದಲೆಳೆಯಂಥ ನಾಳ, ಅದೂ ನೇರವಲ್ಲ, ಬಾಯಿಯ ಕತ್ತಲಲ್ಲಿ, ಎಂಜಲಿನ ನಡುವೆ. ಮಾಡುವುದು ಯಾವುದರಿಂದ?

1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ಅರದಿಂದ ಉಜ್ಜಿ ಸಪೂರ ಮಾಡಿ ಮೊದಲ ಸಲಕರಣೆ ತಯಾರಿಸಿದರು. ಇದೇ ಮನುಷ್ಯ ಬಂದೂಕಿನ ಭಾಗಗಳನ್ನೂ ಕಂಡುಹಿಡಿದವರು. 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫೋರ್ಡ್ ಬಾರ್ನಮ್ ತೆಳು ರಬ್ಬರ್ ಹಾಳೆಗೆ ತೂತು ಮಾಡಿ ಅದನ್ನು ಹಲ್ಲಿಗೆ ತೊಡಿಸಿದರು. ಹಲ್ಲು ಮಾತ್ರ ಹೊರಗೆ, ಎಂಜಲು ಹಿಂದೆ. 'ರಬ್ಬರ್ ಡ್ಯಾಮ್' ಎಂಬ ಆ ಹಾಳೆ ಇಂದಿಗೂ ಇದೆ.

ಇನ್ನು ತುಂಬಿಸುವ ವಸ್ತು. ಇದರ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ತೋಟದವರ ಕತೆ. ಮಲಯದ ಕಾಡಿನಲ್ಲಿ ಗಟ್ಟಾಪರ್ಚಾ ಎಂಬ ಮರವಿದೆ. ಅದರ ಹಾಲು ಗಟ್ಟಿಯಾದರೆ ಚರ್ಮದ ಹಾಗೆ ಆಗುತ್ತದೆ. ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಬೇಕಾದ ರೂಪಕ್ಕೆ ಒತ್ತಬಹುದು, ತಣಿದರೆ ಹಾಗೇ ನಿಲ್ಲುತ್ತದೆ. ಅಲ್ಲಿನ ಜನ ಕತ್ತಿಯ ಹಿಡಿಗೆ ಇದನ್ನು ಬಳಸುತ್ತಿದ್ದರು. 1843ರಲ್ಲಿ ಮಾಂಟ್‌ಗೊಮೆರಿ ಎಂಬ ವೈದ್ಯರು ಇದರ ಮಾದರಿಯನ್ನು ಲಂಡನ್ನಿಗೆ ಕಳುಹಿಸಿದರು. ಆಮೇಲೆ ಗಾಲ್ಫ್ ಚೆಂಡಿನಿಂದ ಹಿಡಿದು ಸಮುದ್ರದಡಿಯ ತಂತಿಯ ಹೊದಿಕೆಯವರೆಗೆ ಎಲ್ಲಕ್ಕೂ ಇದೇ ಬಂತು. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿನ ಮೇಲಿದ್ದುದು ಈ ಮರದ ಹಾಲು. ನಮ್ಮ ರಬ್ಬರಿನ ಹಾಗೆ ದಿನಾ ಗೀರಿ ಚಿಪ್ಪಿನಲ್ಲಿ ಹಾಲು ಹಿಡಿಯುವ ಕ್ರಮ ಅಲ್ಲಿರಲಿಲ್ಲ. ಮರವನ್ನೇ ಕಡಿದು ಹಾಲು ತೆಗೆಯುತ್ತಿದ್ದರು. ಎಷ್ಟು ಕಾಡು ಹೋಯಿತೋ!

1867ರಲ್ಲಿ ಸೇಂಟ್ ಲೂಯಿಸಿನ ಬೋಮನ್ ಎಂಬ ದಂತವೈದ್ಯರು ಈ ಗಟ್ಟಾಪರ್ಚಾವನ್ನು ಸಣ್ಣ ಕಡ್ಡಿ ಮಾಡಿ ಹಲ್ಲಿನ ನಾಳಕ್ಕೆ ತುಂಬಿಸಿದರು. ಅಟ್ಲಾಂಟಿಕ್ ಕೇಬಲ್ಲುಗಳಿಗೆ ಬೇರೆ ಹೊದಿಕೆ ಬಂತು, ಗಾಲ್ಫಿಗೆ ಬೇರೆ ಚೆಂಡು ಬಂತು. ಹಲ್ಲಿನ ನಾಳಕ್ಕೆ ಮಾತ್ರ ಇವತ್ತಿಗೂ ಮುಖ್ಯವಾಗಿ ಇದೇ. ರಸಾಯನದ ದೃಷ್ಟಿಯಲ್ಲಿ ಇದು ರಬ್ಬರಿನ ದಾಯಾದಿ: ಎರಡರಲ್ಲೂ ಅದೇ ಅಣುಕೊಂಡಿ, ಜೋಡಣೆಯಲ್ಲಿ ಮಾತ್ರ ವ್ಯತ್ಯಾಸ. ಆ ಮರದ ಕುಲಕ್ಕೇ ಸೇರಿದ ಇನ್ನೊಂದು ಮರ ನಮ್ಮ ಪಶ್ಚಿಮಘಟ್ಟದಲ್ಲಿದೆ. ವಯನಾಡಿನ ಕೇಳುಗರು ಅದನ್ನು 'ಪಾಲಿ' ಎಂದು ಬಲ್ಲರು.

ಇಷ್ಟೆಲ್ಲ ಆಗುವಾಗ ಕಲಿಸುವವರು ಯಾರು? ಮೊದಲು ಗುರುವಿನ ಹಿಂದೆ ಹೆಟ್ಟಿಗೆ ಹೊತ್ತುಕೊಂಡು ತಿರುಗಿ ಕಲಿಯಬೇಕಿತ್ತು, ಕ್ಷೌರಿಕನ ಹತ್ತಿರವೋ ಅಕ್ಕಸಾಲಿಗನ ಹತ್ತಿರವೋ. ಲೋಕದ ಮೊದಲ ದಂತವೈದ್ಯಕೀಯ ಕಾಲೇಜು 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ತೆರೆಯಿತು. ಸ್ಥಾಪಿಸಿದವರು ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್. 1841ರಲ್ಲಿ ಪದವಿ ಪಡೆದು ಹೊರಬಂದವರು ಇಬ್ಬರೇ! 1867ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೂ ದಂತಶಾಲೆ ತೆರೆಯಿತು.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಸುಮಾರು ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ಅದೇ ದೇಶದ ಒಟ್ಟೋ ವಾಲ್ಕಾಫ್ ತಮ್ಮ ಹಲ್ಲಿನದೇ ಚಿತ್ರ ತೆಗೆದರು. ಅದಕ್ಕೆ 25 ನಿಮಿಷ ಅಲುಗಾಡದೆ ಇರಬೇಕಾಯಿತು. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬವರು 1899ರಲ್ಲಿ ಎಕ್ಸ್‌ರೇಯ ಸಹಾಯದಿಂದ ನಾಳದ ಉದ್ದ ಅಳೆದರು. ಅಲ್ಲಿಯತನಕ ಬೇರಿನ ತುದಿ ಎಲ್ಲಿದೆ ಎಂಬುದು ಕೈಯ ಅಂದಾಜು ಮಾತ್ರವಾಗಿತ್ತು. ಆ ಕಿರಣದಿಂದ ಎಷ್ಟು ಅಪಾಯವಿದೆಯೆಂದು ಆಗ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕೆಲ್ಸ್ ಅವರ ಕೈಗೆ ಕ್ಯಾನ್ಸರ್ ಹತ್ತಿತು. ಮೊದಲು ಬೆರಳು, ಆಮೇಲೆ ಕೈ, ಕೊನೆಗೆ ತೋಳು ಕತ್ತರಿಸಬೇಕಾಯಿತು. ನೋವಿನಲ್ಲಿ 1928ರಲ್ಲಿ ಅವರು ತಾವೇ ಪ್ರಾಣ ಬಿಟ್ಟರು. ನಮ್ಮ ಹಲ್ಲಿನ ಎಕ್ಸ್‌ರೇ ತೆಗೆಯುವಾಗ ಡಾಕ್ಟರು ಗೋಡೆಯ ಆಚೆ ಹೋಗಿ ನಿಲ್ಲುತ್ತಾರಲ್ಲ, ಅದರ ಹಿಂದೆ ಇಂಥ ಹಿರಿಯರ ತೋಳುಗಳಿವೆ.

ಸಲಕರಣೆ ಬಂತು, ತುಂಬಿಸುವ ವಸ್ತು ಬಂತು, ಕಾಣುವ ಕಣ್ಣು ಬಂತು. ಇನ್ನು ವಿದ್ಯೆ ಬೆಳೆಯಬೇಕಿತ್ತು. ಆದದ್ದು ಬೇರೆಯೇ. 1910ರಲ್ಲಿ ಲಂಡನ್ನಿನ ವಿಲಿಯಂ ಹಂಟರ್ ಎಂಬ ವೈದ್ಯರು ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದರು. ಕೊಳೆತ ಬೇರುಗಳ ಮೇಲೆ ಚಿನ್ನದ ಟೊಪ್ಪಿ ಹೊದಿಸಿ ದಂತವೈದ್ಯರು ಬಾಯೊಳಗೆ ಕೀವಿನ ಗೋರಿ ಕಟ್ಟುತ್ತಿದ್ದಾರೆ, ಅಲ್ಲಿಂದ ವಿಷ ದೇಹಕ್ಕೆಲ್ಲ ಹರಡಿ ರಕ್ತಹೀನತೆ, ಸಂಧಿವಾತ, ಮೂತ್ರಪಿಂಡದ ರೋಗ ಬರುತ್ತವೆ ಎಂದು ಅವರ ದೂರು. ಅವರು ಬೈದದ್ದು ಕೊಳಕು ಕೆಲಸವನ್ನು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಹೊಸದಾಗಿ ಬಂದ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು ಕಾಣುತ್ತಿತ್ತು. ನೆರಳು ಕಂಡ ಹಲ್ಲೆಲ್ಲ ಅಪರಾಧಿಯಾಯಿತು. ಆಮೇಲೆ ತಿರುಳು ಸತ್ತ ಹಲ್ಲೆಲ್ಲ. ಆಮೇಲೆ ರೋಗ ಯಾವುದೆಂದು ತಿಳಿಯದಿದ್ದರೆ ಎಲ್ಲ ಹಲ್ಲೂ!

ಸುಮಾರು ಮೂವತ್ತು ವರ್ಷ ಈ ಹುಚ್ಚು ನಡೆಯಿತು. ವೈದ್ಯರು ಚೀಟಿ ಬರೆಯುವುದು, ದಂತವೈದ್ಯರು ಕೀಳುವುದು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಬುದ್ಧಿಭ್ರಮಣೆಗೂ ಹಲ್ಲಿನ ಕೀವೇ ಕಾರಣವೆಂದು ನಂಬಿ ರೋಗಿಗಳ ಹಲ್ಲು ಕೀಳಿಸಿದರು. ಅದು ಸಾಲದೆಂದು ಹೊಟ್ಟೆಯ ಭಾಗಗಳನ್ನೂ ಕತ್ತರಿಸಿದರು, ಅದರಿಂದ ಎಷ್ಟೋ ಜನ ಸತ್ತರು. ದಂತಶಾಲೆಗಳಲ್ಲಿ ಬೇರುಚಿಕಿತ್ಸೆಯ ಪಾಠವೇ ಮೂಲೆಗೆ ಬಿತ್ತು. ಕೀಳುವುದನ್ನೇ ಕಲಿತು ಹೊರಬಂದ ಹುಡುಗರಿಗೆ ಉಳಿಸುವುದು ಹೇಗೆ ಗೊತ್ತಾದೀತು? ಎದುರಾಡಿದವರು ಬೆರಳೆಣಿಕೆಯಷ್ಟು. ತೋಳು ಕಳೆದುಕೊಂಡ ಕೆಲ್ಸ್ ಅವರಲ್ಲೊಬ್ಬರು. ತಾನು ತಂದ ಎಕ್ಸ್‌ರೇಯನ್ನು ಹೀಗೆ ಬಳಸುವುದನ್ನು ಅವರು 1920ರಲ್ಲಿಯೇ ಬಹಿರಂಗವಾಗಿ ಖಂಡಿಸಿದರು.

ನನಗೆ ಬ್ಯಾಂಕಿನ ಅಭ್ಯಾಸ. ಜಮೆ ಇದ್ದ ಕಡೆ ಖರ್ಚನ್ನೂ ನೋಡುತ್ತೇನೆ. ಹಲ್ಲು ಕೀಳಿಸಿದ ಮೇಲೆ ವಾತ ವಾಸಿಯಾದವರ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು. ಕೀಳಿಸಿಯೂ ವಾಸಿಯಾಗದವರ ಲೆಕ್ಕವನ್ನು ಇಟ್ಟವರೇ ಇರಲಿಲ್ಲ. ಕೊನೆಗೆ ಲೆಕ್ಕ ತೆಗೆದವರು ಸೆಸಿಲ್ ಮತ್ತು ಆಂಜವೈನ್ ಎಂಬ ವೈದ್ಯರು. 1938ರಲ್ಲಿ ಅವರು 200 ಸಂಧಿವಾತದ ರೋಗಿಗಳ ದಾಖಲೆ ಪರಿಶೀಲಿಸಿದರು. ಹಲ್ಲು ಕೀಳಿಸಿಕೊಂಡ 52 ಮಂದಿಯಲ್ಲಿ 47 ಮಂದಿಗೆ ಯಾವ ಗುಣವೂ ಇಲ್ಲ. ಈ ಸೆಸಿಲ್ ಮೊದಲು ಆ ವಾದದ ಪರವಾಗಿಯೇ ಇದ್ದವರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಆ ಕಾಲದಲ್ಲಿಯೂ ಬೇರು ಉಳಿಸುವ ವಿದ್ಯೆಯನ್ನು ಬಿಡದೆ ಹಿಡಿದುಕೊಂಡಿದ್ದವರು ಕೆಲವರಿದ್ದರು. ಫಿಲಡೆಲ್ಫಿಯದ ಲೂಯಿ ಗ್ರಾಸ್‌ಮನ್ 1940ರಲ್ಲಿ ಬೇರುಚಿಕಿತ್ಸೆಯ ಪಠ್ಯಪುಸ್ತಕ ಬರೆದರು. ನಮ್ಮ ದೇಶದ ವಿದ್ಯಾರ್ಥಿಗಳೂ ತಲೆಮಾರುಗಟ್ಟಲೆ ಅದನ್ನು ಓದಿದ್ದಾರೆ. 1943ರಲ್ಲಿ ಒಂದು ಸಣ್ಣ ಗುಂಪು ಶಿಕಾಗೋದಲ್ಲಿ ಸೇರಿ ಅಮೆರಿಕನ್ ಎಂಡೋಡಾಂಟಿಸ್ಟರ ಸಂಘ ಕಟ್ಟಿತು. ಇದನ್ನು ಪ್ರತ್ಯೇಕ ತಜ್ಞವಿದ್ಯೆ ಎಂದು ಅಲ್ಲಿನ ದಂತವೈದ್ಯರ ಸಂಘ ಒಪ್ಪಿದ್ದು 1963ರಲ್ಲಿ. ಅಂದರೆ ದಂತವೈದ್ಯನಾದ ಮೇಲೆ ಮತ್ತೆ ಎರಡು ಮೂರು ವರ್ಷ ಇದನ್ನೊಂದನ್ನೇ ಓದಬೇಕು. ಅದೇ ವರ್ಷ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ದಂತಶಾಲೆಯೂ ಶುರುವಾಯಿತು. ಅಲ್ಲಿ ಹರ್ಬರ್ಟ್ ಶಿಲ್ಡರ್ ಬಿಸಿ ಮಾಡಿದ ಗಟ್ಟಾಪರ್ಚಾವನ್ನು ಒತ್ತಿ, ಕವಲು ನಾಳಗಳನ್ನೂ ಬಿಡದೆ ತುಂಬಿಸುವುದನ್ನು ಕಲಿಸಿದರು.

ಹುಳುವಿನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು 1965ರಲ್ಲಿ. ಕಾಕೆಹಾಶಿ ಮತ್ತು ಸಂಗಡಿಗರು ಕೆಲವು ಇಲಿಗಳನ್ನು ರೋಗಾಣುವೇ ಇಲ್ಲದ ಗೂಡಿನಲ್ಲಿ ಸಾಕಿ, ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳಿಗೂ ಹಾಗೇ ಮಾಡಿದರು. ಸಾಮಾನ್ಯ ಇಲಿಗಳ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವು ಕಟ್ಟಿತು. ರೋಗಾಣುವಿಲ್ಲದ ಇಲಿಗಳ ಹಲ್ಲು, ತೂತಿನಲ್ಲಿ ಆಹಾರ ಸಿಕ್ಕಿಕೊಂಡಿದ್ದರೂ, ತನ್ನಷ್ಟಕ್ಕೆ ಒಳಗಿನಿಂದ ಮುಚ್ಚಿಕೊಂಡಿತು. ಹುಳು ಇಲ್ಲ, ರೋಗಾಣು ಇದೆ. ಆದುದರಿಂದಲೇ ಬೇರುಚಿಕಿತ್ಸೆಯಲ್ಲಿ ತುಂಬಿಸುವುದಕ್ಕಿಂತ ತೊಳೆಯುವುದು ದೊಡ್ಡ ಕೆಲಸ. ತೊಳೆಯುವ ದ್ರವ ಯಾವುದೆಂದು ಕೇಳಿದರೆ ನಗಬೇಡಿ, ಬಟ್ಟೆ ಬಿಳಿ ಮಾಡುವ ಬ್ಲೀಚಿನ ದ್ರಾವಣವೇ.

ಈಗ ನಮ್ಮ ದೇಶಕ್ಕೆ ಬರೋಣ. ಪೂರ್ವ ಬಂಗಾಳದ ರಫಿಯುದ್ದೀನ್ ಅಹಮದ್ ಎಂಬ ಯುವಕ ಅಮೆರಿಕಕ್ಕೆ ಹೋಗಿ 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯ ಪದವಿ ಪಡೆದು ಊರಿಗೆ ಮರಳಿದರು. 1920ರಲ್ಲಿ ಕಲ್ಕತ್ತಾದಲ್ಲಿ ಭಾರತದ ಮೊದಲ ದಂತ ಕಾಲೇಜು ತೆರೆದರು. ದುಡ್ಡು? ಅದಕ್ಕಾಗಿ ಅವರು 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ಸೋಡಾ ಅಂಗಡಿ ನಡೆಸಿ ಆ ಲಾಭವನ್ನು ಕಾಲೇಜಿಗೆ ಹಾಕಿದರು. ಸಿಹಿ ಸೋಡಾ ಮಾರಿ ಹಲ್ಲಿನ ಆಸ್ಪತ್ರೆ ಕಟ್ಟಿದ್ದನ್ನು ನೆನೆದರೆ ನನಗೆ ನಗು ಬರುತ್ತದೆ, ಗೌರವವೂ ಬರುತ್ತದೆ. ಜಿನ್ನಾರ ತಂಗಿ ಫಾತಿಮಾ ಓದಿದ್ದು ಇಲ್ಲಿಯೇ. 1949ರಲ್ಲಿ ಅಹಮದರು ಕಾಲೇಜನ್ನು ಪಶ್ಚಿಮ ಬಂಗಾಳ ಸರಕಾರಕ್ಕೆ ಒಪ್ಪಿಸಿಕೊಟ್ಟರು. ಅದೀಗ ಅವರ ಹೆಸರಿನಲ್ಲಿಯೇ ಇದೆ.

1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಅದರಲ್ಲಿ ಎರಡು ಪಟ್ಟಿ: ಪದವಿ ಇದ್ದವರು 'ಎ' ಭಾಗ, ಪದವಿ ಇಲ್ಲದೆ ಮೊದಲಿನಿಂದ ಕಸುಬು ಮಾಡಿಕೊಂಡು ಬಂದವರು 'ಬಿ' ಭಾಗ. ಸಂತೆಯಲ್ಲಿ ಕಂಬಳಿ ಹಾಸಿ, ಕಿತ್ತ ಹಲ್ಲುಗಳ ರಾಶಿಯನ್ನೇ ಜಾಹೀರಾತಾಗಿ ಇಟ್ಟುಕೊಂಡು ಕೂರುತ್ತಿದ್ದವರಿಗೆ ಮಾತ್ರ ಯಾವ ಪಟ್ಟಿಯೂ ಬೇಕಿರಲಿಲ್ಲ. ನನ್ನ ಚಿಕ್ಕಂದಿನಲ್ಲಿ ಅಂಥವರನ್ನು ಕಂಡಿದ್ದೇನೆ.

ಮುಂಬಯಿಯಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜು 1933ರದು, ಮದ್ರಾಸಿನದು 1953ರದು, ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರದು. ಕಾಸರಗೋಡಿನ ಕಡೆಯವರಾದ ನಮಗೆ ಹತ್ತಿರದ್ದು ಮಣಿಪಾಲ. ಅಲ್ಲಿ 1965ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈಯವರು ದಂತ ಕಾಲೇಜು ಆರಂಭಿಸಿದರು. ಇವರು ಬ್ಯಾಂಕಿನವರಿಗೂ ಹಿರಿಯರು. 1925ರಲ್ಲಿ ಉಡುಪಿಯಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದವರು. 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಠೇವಣಿ ಎತ್ತುವ ಕ್ರಮ ತಂದ ಬ್ಯಾಂಕು ಅದು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕಿನ ಹೆಸರು ಅಳಿಯಿತು, ಕಾಲೇಜು ಉಳಿದಿದೆ.

ನಮ್ಮಲ್ಲಿ ಬಿ.ಡಿ.ಎಸ್. ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನಿ. ಅದಾದ ಮೇಲೆ ಪ್ರವೇಶ ಪರೀಕ್ಷೆ ಬರೆದು ಎಂ.ಡಿ.ಎಸ್.ಗೆ ಸೇರಿದರೆ ಮತ್ತೆ ಮೂರು ವರ್ಷ. ಬೇರುಚಿಕಿತ್ಸೆಗೂ ಹಲ್ಲು ತುಂಬಿಸುವುದಕ್ಕೂ ಒಂದೇ ವಿಭಾಗ. 'ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೋಡಾಂಟಿಕ್ಸ್' ಎಂದು ಹೆಸರು. ಸೇರಿದ ಕೂಡಲೇ ರೋಗಿಯ ಬಾಯಿಗೆ ಕೈ ಹಾಕಲು ಬಿಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಮೇಣದಲ್ಲಿ ಹಲ್ಲು ಕೆತ್ತಬೇಕು, ಯಾರದೋ ಕಿತ್ತ ಹಲ್ಲನ್ನು ಅಚ್ಚಿನಲ್ಲಿ ಕೂರಿಸಿ ಅದರ ನಾಳವನ್ನು ಹುಡುಕಬೇಕು, ಸವರಬೇಕು, ತುಂಬಿಸಬೇಕು, ಎಕ್ಸ್‌ರೇ ತೆಗೆದು ಗುರುಗಳಿಗೆ ತೋರಿಸಬೇಕು. ತುದಿಯಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಮತ್ತೆ ಮಾಡು. ಜ್ಯೂರಿಕ್ಕಿನ ವಾಲ್ಟರ್ ಹೆಸ್ ಎಂಬವರು ಸುಮಾರು 2,800 ಹಲ್ಲುಗಳ ನಾಳಕ್ಕೆ ರಬ್ಬರ್ ತುಂಬಿ, ಹಲ್ಲನ್ನು ಕರಗಿಸಿ, ಒಳಗಿನ ಕವಲುಗಳ ಅಚ್ಚನ್ನು ತೆಗೆದಿದ್ದರು. 1925ರಲ್ಲಿ ಇಂಗ್ಲಿಷಿನಲ್ಲಿ ಬಂದ ಆ ಪುಸ್ತಕದ ಚಿತ್ರಗಳು ಮರದ ಬೇರಿನಂತೆಯೇ ಇವೆ. ಅದನ್ನು ನೋಡಿದ ಮೇಲೆ ಒಂದು ಹಲ್ಲಿಗೆ ನಾಲ್ಕು ಸಲ ಯಾಕೆ ಕರೆಯುತ್ತಾರೆ ಎಂದು ನಾನು ಗೊಣಗುವುದನ್ನು ಬಿಟ್ಟೆ.

ಈಚಿನ ಸಲಕರಣೆಗಳ ವಿಷಯ ಎರಡೇ ಮಾತು. 1988ರಲ್ಲಿ ವಾಲಿಯಾ ಮತ್ತು ಜೊತೆಯವರು ನಿಕಲ್-ಟೈಟಾನಿಯಂ ಎಂಬ ಬಾಗುವ ಲೋಹದ ಅರವನ್ನು ಪರಿಚಯಿಸಿದರು. ಅದು ಡೊಂಕು ನಾಳದಲ್ಲಿಯೂ ಬಾಗಿ ಇಳಿಯುತ್ತದೆ. 1993ರಲ್ಲಿ ಕ್ಯಾಲಿಫೋರ್ನಿಯದ ತೊರಾಬಿನೆಜಾದ್ ಬೇರಿನಲ್ಲಿ ಬಿದ್ದ ತೂತು ಮುಚ್ಚಲು ಎಂ.ಟಿ.ಎ. ಎಂಬ ಪುಡಿಯನ್ನು ತಂದರು. ಅದರ ಮುಖ್ಯ ಅಂಶ, ನಾವು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದೇ!

ಇನ್ನು ಗಡಿನಾಡಿನವರಾದ ನಮಗೆ ಮುಖ್ಯವಾದ ಒಂದು ವಿಷಯ. ಹಲ್ಲಿಗೆ ಮಲಯಾಳ, ತಮಿಳಿನಲ್ಲಿ 'ಪಲ್ಲ್', ತೆಲುಗಿನಲ್ಲಿ 'ಪನ್ನು', ಮರಾಠಿಯಲ್ಲಿ 'ದಾತ'. ಹಳಗನ್ನಡದಲ್ಲಿ ನಮ್ಮದೂ 'ಪಲ್' ಆಗಿತ್ತು. ತುಳುವಿನಲ್ಲಿ 'ಕೂಲಿ'. ಹಲ್ಲಿನ ಹೆಸರು ತೊಡಕಲ್ಲ, ಬೆರಳಿಟ್ಟು ತೋರಿಸಬಹುದು. ನೋವನ್ನು ಬೆರಳಿಟ್ಟು ತೋರಿಸಲಾಗದು. ದಂತ ಕಾಲೇಜಿನಲ್ಲಿ ನಿಮ್ಮ ಮುಂದೆ ಕೂರುವ ಹುಡುಗಿ ದಿಲ್ಲಿಯವಳೋ ಗುಜರಾತಿನವಳೋ ಆಗಿರಬಹುದು. ಅವಳ ಪಾಠವೆಲ್ಲ ಇಂಗ್ಲಿಷಿನಲ್ಲಿ. ತಿರುಳನ್ನು ಉಳಿಸಬಹುದೋ ತೆಗೆಯಬೇಕೋ ಎಂದು ನಿರ್ಧರಿಸಲು ಅವಳಿಗೆ ಎಕ್ಸ್‌ರೇಯಷ್ಟೇ ಮುಖ್ಯ ನಿಮ್ಮ ಮಾತು.

ತಣ್ಣೀರು ತಾಗಿದಾಗ ಜುಮ್ಮೆಂದು, ನೀರು ಉಗುಳಿದ ಕೂಡಲೇ ನಿಂತರೆ ತಿರುಳು ಹೆಚ್ಚಾಗಿ ಬದುಕುವಂಥದು. ಹುಳುಕು ತೆಗೆದು ತುಂಬಿಸಿದರೆ ಸಾಕಾಗಬಹುದು. ಬಿಸಿ ಚಹಾ ಕುಡಿದಾಗ ನೋವೆದ್ದು ಹೊತ್ತುಗಟ್ಟಲೆ ನಿಂತರೆ, ರಾತ್ರಿ ಮಲಗಿದಾಗ ತಾನಾಗಿ ಸಿಡಿದು ಎಬ್ಬಿಸಿದರೆ, ತಿರುಳು ಮರಳಿ ಬಾರದ ಸ್ಥಿತಿಗೆ ಹೋಗಿದೆ ಎಂದು ಲೆಕ್ಕ. ಅಗಿದಾಗ ಮಾತ್ರ ನೋವು, ಬಿಸಿ ತಣ್ಣಗೆ ಎರಡೂ ತಿಳಿಯುವುದಿಲ್ಲ ಎಂದರೆ ತಿರುಳು ಸತ್ತು ಸೋಂಕು ಬೇರಿನ ತುದಿಗೆ ಇಳಿದಿರಬಹುದು. ಎರಡು ದಿನ ಜೀವ ತೆಗೆದ ನೋವು ಔಷಧವಿಲ್ಲದೆ ತಟ್ಟನೆ ನಿಂತರೆ ನಾವು ವಾಸಿಯಾಯಿತೆಂದು ಖುಷಿಪಡುತ್ತೇವೆ. ನರ ಸತ್ತದ್ದರಿಂದಲೂ ಅದು ನಿಂತಿರುತ್ತದೆ. 'ನೋವು' ಎಂಬ ಒಂದೇ ಶಬ್ದ ಹೇಳಿ ಬಾಯಿ ತೆರೆದರೆ ಇವೆಲ್ಲ ಆ ಹುಡುಗಿಗೆ ತಿಳಿಯುವುದು ಹೇಗೆ? ಎರಡು ಭಾಷೆ ಬಲ್ಲ ಮಗನನ್ನೋ ನೆರೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಯಾವಾಗ, ಯಾವುದಕ್ಕೆ, ಎಷ್ಟು ಹೊತ್ತು ಎಂಬ ಮೂರನ್ನು ಹೇಳಿಸಿ.

ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆ ಶುಲ್ಕ, ಹೆಚ್ಚು ಸಮಯ. ಗುರುಗಳು ಹಂತಹಂತಕ್ಕೂ ಬಂದು ನೋಡುತ್ತಾರೆ. ಕೊಟ್ಟ ತಾರೀಕು ತಪ್ಪಿಸಬೇಡಿ. ನಡುವೆ ಇಟ್ಟದ್ದು ತಾತ್ಕಾಲಿಕ ಸಿಮೆಂಟು, ವಾರಗಟ್ಟಲೆ ಬಿಟ್ಟರೆ ಸೋರಿ ತೊಳೆದ ನಾಳಕ್ಕೆ ಮತ್ತೆ ರೋಗಾಣು ಇಳಿಯುತ್ತದೆ. ಬೇರು ತುಂಬಿಸಿದ ದವಡೆ ಹಲ್ಲಿಗೆ ಮೇಲೆ ಟೊಪ್ಪಿ ಹಾಕಿಸಲು ಹೇಳಿದರೆ ಅದನ್ನೂ ಮುಂದೆ ಹಾಕಬೇಡಿ. ಒಳಗೆ ಕೊರೆದ ಹಲ್ಲು ಗೋಡೆ ತೆಳುವಾದ ಮಡಕೆಯಂತೆ. ಹುರಿಗಡಲೆಯೊಂದು ಸಿಕ್ಕಿದರೂ ಸೀಳಿ ಹೋದೀತು, ಸೀಳು ಬೇರಿಗೆ ಇಳಿದರೆ ಆಮೇಲೆ ಯಾವ ಶಾಲೆಯಲ್ಲಿ ಕಲಿತವರಿಗೂ ಕೀಳುವ ಹೊರತು ದಾರಿಯಿಲ್ಲ.